ಕೆಳಗಿನ ಕಣ್ಣು

ಬಚ್ಚಲುಮನೆಯ ಬಾಗಿಲ ಮುಂದೆ ನಿಂತು ಅವನು ತನ್ನ ಕಾಲ್ಬೆರಳುಗಳನ್ನು ನೋಡುತ್ತಿದ್ದ. ಒಳಗೆ ಮಾವ ಫಿಲ್ಮ್ ತೊಳೆಯುತ್ತಿದ್ದರು. ಬೆಳಕು ನುಸುಳದ ಹಾಗೆ ಬಾಗಿಲ ಕೆಳಗಿನ ಸಂದಿಗೆ ಒಂದು ಟವೆಲ್ ತುರುಕಿದ್ದರು. ಅದು ಇವನದೇ ಟವೆಲ್ಲು, ಇನ್ನು ಸ್ವಲ್ಪ ಹೊತ್ತಿನಲ್ಲಿ ಇವನು ಮೈ ಒರೆಸಿಕೊಂಡು ಅಂಗಡಿಗೆ ಹೊರಡಬೇಕಾಗಿದ್ದ ಟವೆಲ್ಲು. ಫಿಲ್ಮನ್ನು ಡಬ್ಬಿಯೊಳಗೆ ಸೇರಿಸುವವರೆಗೆ ಮಾತ್ರ ಕತ್ತಲು ಬೇಕು, ಆಮೇಲೆ ದೀಪ ಹಾಕಿಕೊಳ್ಳಬಹುದು ಎಂದು ಮಾವನೇ ಹೇಳಿದ್ದರು. ಆದರೆ ಡಬ್ಬಿಗೆ ಸೇರಿಸಿ ಎಷ್ಟೋ ಹೊತ್ತಾಗಿದ್ದರೂ ಅವರು ದೀಪ ಹಾಕಿರಲಿಲ್ಲ, ಬಾಗಿಲನ್ನೂ ತೆಗೆದಿರಲಿಲ್ಲ. ಕತ್ತಲಲ್ಲಿ ಮಾಡಿದರೆ ಕೆಲಸಕ್ಕೆ ಒಂದು ಮರ್ಯಾದೆ ಎಂಬುದು ಅವರ ಎಣಿಕೆ. ಮನೆಗೆ ಇದ್ದದ್ದು ಅದೊಂದೇ ಬಚ್ಚಲು. ಹೆಂಡತಿ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಂದು ಬಾಗಿಲು ಬಡಿದಳು. “ಅಪ್ಪಾ, ನಂಗೆ ಆಫೀಸಿಗೆ ಹೊತ್ತಾಗ್ತಿದೆ.” “ಬಾಗಿಲು ಅಲ್ಲಾಡಿಸ್ಬೇಡ ಪುಟ್ಟೀ, ಬೆಳಕು ಬರುತ್ತೆ,” ಎಂದರು ಮಾವ ಒಳಗಿನಿಂದ. “ಈ ಮನೇಲಿ ಬೆಳಕು ಬರೋದೂ ತಪ್ಪಾ,” ಎಂದು ನೊರೆಯ ಬಾಯಲ್ಲೇ ಗೊಣಗಿ ಅವಳು ಅಡುಗೆಮನೆಯ ನಲ್ಲಿಗೆ ಹೋದಳು. ಒಳಗೆ ಆ ಡಬ್ಬಿಯಲ್ಲಿ ಮೇಲೆ ಕೆಳಗೆ ಮಗುಚಿಕೊಳ್ಳುತ್ತಿರುವುದು ತಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ. ಇಬ್ಬರಿಗೂ ಅವನು ರಸ್ತೆಯ ಫೋಟೋ ತೆಗೆದಿದ್ದೇನೆ ಎಂದು ಹೇಳಿದ್ದ.

ರಸ್ತೆ ಎಂಬುದು ಎರಡನೆಯ ಸುಳ್ಳು. ಮೊದಲನೆಯದು ಬರೀ ಒಂದು “ಹೂಂ”. ಹೋದ ಭಾನುವಾರ ಅವಳು “ಖಾಲಿ ಕ್ಯಾಮೆರಾ ತಾನೇ?” ಎಂದು ಕೇಳಿದ್ದಳು, ಇವನು ಹೂಂ ಅಂದಿದ್ದ. ಮದುವೆಯಾದಾಗಿನಿಂದ ಅವಳ ಮಾತಿಗೆ ಇವನು ಅಂದಿರುವ ಹೂಂಗಳಿಗೆ ಲೆಕ್ಕವಿಲ್ಲ. ಒಂದಕ್ಕೂ ಅರ್ಥವೆಂಬುದಿರಲಿಲ್ಲ, ಅವಳೂ ಅದರಲ್ಲಿ ಅರ್ಥ ಹುಡುಕಿದವಳಲ್ಲ. ಇದೊಂದು ಹೂಂ ಮಾತ್ರ ಗಂಟಲಲ್ಲೇ ಕೂತುಬಿಟ್ಟಿತ್ತು. ಊಟಕ್ಕೆ ಕೂತರೆ ಅಡ್ಡ ಬರುತ್ತಿತ್ತು, ಅಂಗಡಿಯಲ್ಲಿ ಗಿರಾಕಿಗಳ ಕಾಲು ಅಳೆಯುವಾಗ ಅಡ್ಡ ಬರುತ್ತಿತ್ತು. ಚಿತ್ರ ಚೆನ್ನಾಗಿ ಬಂದರೆ ಅದನ್ನು ನೋಡುವ ಗಡಿಬಿಡಿಯಲ್ಲಿ ಅವಳು ಬೈಯುವುದನ್ನು ಮರೆಯುತ್ತಾಳೆ, ಚೆನ್ನಾಗಿ ಬರದಿದ್ದರೆ ಮಾವ ಬೈಯುವ ಭರದಲ್ಲಿ ಅವಳಿಗೆ ಸರದಿಯೇ ಸಿಗುವುದಿಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ಬಾಗಿಲ ಮುಂದೆ ನಿಂತಾಗ ಎರಡರಲ್ಲೂ ಹುರುಳು ಕಾಣಲಿಲ್ಲ. ಬಚ್ಚಲಿಗೆ ಹೋಗಬೇಕೆನಿಸುತ್ತಿತ್ತು, ಬಚ್ಚಲಲ್ಲಿ ಮಾವ ಇದ್ದರು.

ಅವನದು ಶೂ ಅಂಗಡಿಯ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಗಿಡ್ಡ ಸ್ಟೂಲಿನ ಮೇಲೆ ಕೂತು ಪಾದಗಳನ್ನು ನೋಡಿ ನೋಡಿ ಅವನ ಕತ್ತು ಕೆಳಗೇ ಬಾಗಿಕೊಂಡು ಬಿಟ್ಟಿತ್ತು. ಜನರನ್ನು ಅವನು ಕಾಲಿನಿಂದ ಗುರುತಿಸುತ್ತಿದ್ದ. ಬಸ್ಸಿನಲ್ಲಿ ಯಾರಾದರೂ “ನಮಸ್ಕಾರ” ಎಂದರೆ ಮೊದಲು ಕೆಳಗೆ ನೋಡಿ, ಇವರು ಅಗಲ ಪಾದದ ಬ್ಯಾಂಕಿನವರು ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಮುಖದ ಕಡೆಗೆ ನಗುತ್ತಿದ್ದ. ಅಂಗಡಿಯ ಗಲ್ಲಾದಲ್ಲಿ ಕೂರುವ ಹೆಂಗಸು ಒಂದು ದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನಿನಲ್ಲಿದ್ದ ತನ್ನ ಗಂಡನ ಫೋಟೋ ತೋರಿಸಿ, “ನಿಮ್ಮ ಮನೆಯವರದ್ದು ತೋರ್ಸಿ ನೋಡೋಣ,” ಎಂದಳು. ಅವನು ಫೋನು ತೆರೆದು ಬೆರಳು ಆಡಿಸುತ್ತ ಹೋದ. ಶೂ. ಮತ್ತೊಂದು ಶೂ. ಬಾಯಿ ತೆರೆದು ಮಲಗಿದ್ದ ಮಾವ. ಹೆಂಡತಿಯ ಬೆನ್ನು. ಹೆಂಡತಿಯ ಅಂಗೈ, ಅದರ ಹಿಂದೆ ಅವಳಿದ್ದಾಳೆಂದು ನಂಬಬೇಕು. ಕೊನೆಗೆ ಸಿಕ್ಕಿದ್ದು ಬಾಗಿಲಿನಿಂದ ಓಡಿಹೋಗುತ್ತಿದ್ದ ಒಂದು ಮೊಣಕೈ. “ಇದು ಮೊಣಕೈ ಅಲ್ವಾ?” ಎಂದಳು ಗಲ್ಲಾದವಳು. ಹೌದು ಎಂದ. “ಮುಖ ಹೇಗಿದೆ ಹೇಳಿ, ಸಾಕು.” ಅವನು ಹೇಳಹೊರಟ. ಮೂಗು ಮೂಗಿನ ಹಾಗೇ ಇದೆ, ಕಣ್ಣು ಎರಡಿವೆ. ಒಳಗೆ ಹುಡುಕಿದಷ್ಟೂ ಮುಖ ಜಾರಿ, ಅವಳ ಎಡಗಾಲಿನ ಕಿರುಬೆರಳೇ ಎದುರಿಗೆ ಬಂದು ನಿಲ್ಲುತ್ತಿತ್ತು, ಪಕ್ಕದ ಬೆರಳಿನ ಮೇಲೆ ಹತ್ತಿ ಕೂತ ಆ ಕಿರುಬೆರಳು. ಅದನ್ನೇ ಹೇಳಿದ. ಅಂದಿನಿಂದ ಅಂಗಡಿಯಲ್ಲಿ ಎಲ್ಲರೂ “ಮೊಣಕೈ ಮೇಡಂ ಚೆನ್ನಾಗಿದ್ದಾರಾ?” ಎಂದು ಕೇಳತೊಡಗಿದರು, ಅವನೂ ಹಲ್ಲು ಕಿರಿದು ಚೆನ್ನಾಗಿದ್ದಾರೆ ಎನ್ನುತ್ತಿದ್ದ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಾಚಿಕೆಯಾಗುತ್ತಿತ್ತು. ದಿನಾ ಎದುರಿಗೆ ಕೂತು ಉಣ್ಣುವವಳ ಮುಖ ಕಣ್ಣು ಮುಚ್ಚಿದರೆ ಬರುವುದಿಲ್ಲವೆಂದರೆ ತಾನೆಂಥ ಗಂಡ ಎನಿಸುತ್ತಿತ್ತು. ನಾಳೆ ಇವಳಿಗೇನಾದರೂ ಆದರೆ ತನ್ನ ಹತ್ತಿರ ಉಳಿಯುವುದು ಒಂದು ಮೊಣಕೈ ಎಂದು ಒಮ್ಮೆ ಹೊಳೆದು, ರಸ್ತೆಯಲ್ಲೇ ನಿಂತುಬಿಟ್ಟಿದ್ದ.

ಅವಳ ಫೋಟೋ ತೆಗೆಯಬಾರದೆಂದೇನಿರಲಿಲ್ಲ, ತೆಗೆದದ್ದು ಉಳಿಯುತ್ತಿರಲಿಲ್ಲ. ಫೋನು ಎತ್ತಿದೊಡನೆ ಅವಳ ಮುಖದಿಂದ ಅವಳು ಎದ್ದುಹೋಗುತ್ತಿದ್ದಳು. ಹಾಗೂ ಹೀಗೂ ಒತ್ತಿದರೆ ಕೈಯಿಂದ ಫೋನು ಕಿತ್ತುಕೊಂಡು “ಥೂ, ಅಳಿಸಿ ಇದನ್ನ” ಎಂದು ತಾನೇ ಅಳಿಸುತ್ತಿದ್ದಳು. ಆಗ ಅವನಿಗೆ ನೆನಪಾದದ್ದು ಮಾವನ ಮಂಚದ ಕೆಳಗಿದ್ದ ಪೆಟ್ಟಿಗೆ. ಮಾವ ಒಂದು ಕಾಲದಲ್ಲಿ ಸ್ಟುಡಿಯೋ ಇಟ್ಟಿದ್ದವರು, ಈಗ ಮಗಳ ಮನೆಯಲ್ಲಿ ಇರುವವರು. ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಎರಡು ಕಣ್ಣುಗಳಿದ್ದ ಚೌಕ ಡಬ್ಬಿಯಂಥ ಕ್ಯಾಮೆರಾ. ಅದರಲ್ಲಿ ಅಳಿಸುವ ಗುಂಡಿ ಇಲ್ಲ ಎಂಬುದಷ್ಟೇ ಅವನಿಗೆ ಬೇಕಾಗಿತ್ತು. “ಕಲಿಸ್ತೀರಾ ಮಾವ?” ಎಂದು ಕೇಳಿದಾಗ ಅವರು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಅಳಿಯಂದ್ರೇ, ನಿಮಗೆ ಶರ್ಟಿನ ಗುಂಡಿ ನೆಟ್ಟಗೆ ಹಾಕ್ಕೊಳ್ಳೋಕೆ ಬರಲ್ಲ,” ಎಂದು, ಮಾರನೆಯ ದಿನದಿಂದಲೇ ಪಾಠ ಶುರುಮಾಡಿದರು.

“ನೀರು ತನ್ನಿ, ಬಿಸಿದೂ ಅಲ್ಲ ತಣ್ಣಂದೂ ಅಲ್ಲ,” ಎಂಬ ದನಿ ಬಾಗಿಲ ಹಿಂದಿನಿಂದ ಬಂತು. ಅವನು ಅಡುಗೆಮನೆಗೆ ಓಡಿ ಚೊಂಬಿನಲ್ಲಿ ನೀರು ಬೆರೆಸಿ ತಂದ. ಬಾಗಿಲು ಒಂದಿಷ್ಟು ತೆರೆದು ಮಾವನ ಕೈ ಹೊರಬಂತು, ಚೊಂಬಿನಲ್ಲಿ ಒಂದು ಬೆರಳು ಅದ್ದಿತು, “ಇದು ಮಗೂಗೆ ಸ್ನಾನ ಮಾಡ್ಸೋ ನೀರು” ಎಂದಿತು, ಚೊಂಬನ್ನು ವಾಪಸ್ಸು ಕೊಟ್ಟಿತು. ಪಾಠವೂ ಹೀಗೇ ನಡೆದಿತ್ತು. ಮುಖಕ್ಕೆ ಹಿಡಿಯುವ ಕ್ಯಾಮೆರಾ ಅಲ್ಲ ಅದು. ಹೊಟ್ಟೆಗೆ ಆನಿಸಿಕೊಂಡು, ಮೇಲಿನ ಮುಚ್ಚಳ ಬಿಡಿಸಿ, ತಲೆ ಬಗ್ಗಿಸಿ ಬಾವಿಯೊಳಗೆ ಇಣುಕುವ ಹಾಗೆ ಇಣುಕಬೇಕು. “ಇಷ್ಟು ದಿನಕ್ಕೆ ನಿಮ್ಮ ಹೊಟ್ಟೆ ಒಂದು ಉಪಯೋಗಕ್ಕೆ ಬಂತು,” ಎಂದಿದ್ದರು ಮಾವ. ಇಣುಕಿದರೆ ಒಳಗಿನ ಗಾಜಿನ ಮೇಲೆ ಇಡೀ ಕೋಣೆ ಪುಟ್ಟದಾಗಿ, ಇದಕ್ಕಿಂತ ಚೆಂದವಾಗಿ ಬಿದ್ದಿರುತ್ತಿತ್ತು, ಆದರೆ ಎಡ ಬಲವಾಗಿ, ಬಲ ಎಡವಾಗಿ. ಕಿಟಕಿಯ ಕಡೆ ತಿರುಗಿದರೆ ಕಿಟಕಿ ಓಡಿಹೋಗುತ್ತಿತ್ತು, ಹಿಡಿಯಲು ಹೋದರೆ ಇನ್ನೂ ದೂರ ಹೋಗುತ್ತಿತ್ತು, ಅಷ್ಟರಲ್ಲಿ ಮಂಡಿ ಮೇಜಿಗೆ ಬಡಿಯುತ್ತಿತ್ತು. ಅಂಗಡಿಯಲ್ಲೂ ಅದೇ ಹಣೆಬರಹವಾಯಿತು. ಬಲಗಾಲಿಗೆ ಎಡಗಾಲಿನ ಶೂ ತೊಡಿಸಿ, ಬಿಗಿಯಾಗುತ್ತಿದೆ ಎಂದ ಗಿರಾಕಿಗೆ ನಾಲ್ಕು ದಿನ ಹಾಕಿದರೆ ಸಡಿಲವಾಗುತ್ತದೆ ಎಂದು ಹೇಳಿ ಕಳಿಸಿದ್ದ. ಆದರೂ ತಲೆ ಬಗ್ಗಿಸಿ ನೋಡುವುದು ಅವನ ಕತ್ತಿಗೆ ಒಗ್ಗಿತು. ಯಾರ ಕಣ್ಣನ್ನೂ ನೋಡದೆ ಅವರ ಮುಖ ನೋಡಬಹುದಾದ ಯಂತ್ರವೊಂದಿದೆ ಎಂದು ಯಾರೂ ಅವನಿಗೆ ಇಷ್ಟು ದಿನ ಹೇಳಿರಲಿಲ್ಲ.

ಮಾವನ ಕಟ್ಟಪ್ಪಣೆ ಒಂದೇ: ಕೈ ಪಳಗುವವರೆಗೆ ಫಿಲ್ಮ್ ಹಾಕಬಾರದು. ಮೇಲಿನ ಕಣ್ಣು ನಾವು ನೋಡುವುದಕ್ಕೆ, ಕೆಳಗಿನ ಕಣ್ಣು ಫಿಲ್ಮಿಗೆ. ಫಿಲ್ಮ್ ಇಲ್ಲದ ಮೇಲೆ ಕೆಳಗಿನದಕ್ಕೆ ಕೆಲಸವಿಲ್ಲ, ಸುಮ್ಮನೆ ಧೂಳು ಕೂರುತ್ತದೆಂದು ಅದಕ್ಕೆ ಕಪ್ಪು ಮುಚ್ಚಳ ಹಾಕಿಯೇ ಅಭ್ಯಾಸ. ದಿನಾ ಸಂಜೆ ಅವನು ಖಾಲಿ ಕ್ಯಾಮೆರಾದಲ್ಲಿ ಮಾವನನ್ನು, ಕುರ್ಚಿಯನ್ನು, ಮತ್ತೆ ಮಾವನನ್ನು ತೆಗೆದ. ಉಸಿರು ಬಿಟ್ಟು ಗುಂಡಿ ಒತ್ತುವುದು, ಪಕ್ಕದ ಹಿಡಿ ತಿರುಗಿಸುವುದು, ಮತ್ತೆ ಒತ್ತುವುದು. “ಮೂವತ್ತು ವರ್ಷ ಒಂದು ಫಿಲ್ಮ್ ದಂಡ ಮಾಡಿದೋನಲ್ಲ ನಾನು,” ಎಂದು ಮಾವ ಕುರ್ಚಿಯಲ್ಲಿ ಕೂತು ಎದೆಯುಬ್ಬಿಸುತ್ತಿದ್ದರು. ಹೆಂಡತಿ ಬಾಗಿಲಲ್ಲಿ ನಿಂತು ಇವರಿಬ್ಬರ ಬೆಪ್ಪುತನ ನೋಡಿ ಮೂಗು ಮುರಿದು ಒಳಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅವನಿಗೆ ತಾಳ್ಮೆ ಕೆಟ್ಟಿತು. ಒಂದೇ ಸಲ ಎರಡು ರೋಲ್ ಕೊಂಡು, ಅಂಗಡಿಯ ಹಿಂದಿನ ದಾಸ್ತಾನು ಕೋಣೆಯಲ್ಲಿ, ಶೂ ಡಬ್ಬಿಗಳ ನಡುವೆ ಕೂತು, ಕಳ್ಳನ ಹಾಗೆ ಬೆವರುತ್ತ, ಒಂದನ್ನು ಚೀಲದಲ್ಲಿ ಕದ್ದು ತಂದಿದ್ದ ಕ್ಯಾಮೆರಾಕ್ಕೆ ತೂರಿಸಿದ. ಫಿಲ್ಮಿನ ಬೆನ್ನಿಗಿದ್ದ ಕಾಗದದ ಮೇಲಿನ ಬಾಣದ ಗುರುತು ಸರಿಯಾಗಿ ಕೂತಿದೆಯೇ ಎಂದು ಎಷ್ಟು ಸಲ ನೋಡಿದನೆಂದರೆ, ಗಲ್ಲಾದವಳು ಬಂದು “ಒಳಗೆ ಅಳ್ತಿದೀರಾ?” ಎಂದು ಕೇಳಿದಳು.

ಭಾನುವಾರ ಅವಳು ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಮಾವ ಮಲಗಿದ್ದರು. ಅವನು ಕ್ಯಾಮೆರಾ ಹೊಟ್ಟೆಗೆ ಆನಿಸಿ ಎದುರಿಗೆ ನಿಂತ. ಅವಳು ತಲೆಯೆತ್ತಿ ನೋಡಿ, “ಖಾಲಿ ಕ್ಯಾಮೆರಾ ತಾನೇ?” ಎಂದಳು. ಹೂಂ. “ಹಾಗಾದ್ರೆ ಎಷ್ಟ್ ಬೇಕಾದ್ರೂ ತಕ್ಕೊಳ್ಳಿ. ಖಾಲಿ ಕ್ಯಾಮೆರಾಕ್ಕೆ ಕೂತು ಕೂತೇ ನಾನು ದೊಡ್ಡೋಳಾಗಿದ್ದು.” ಅವನಿಗೆ ಗೊತ್ತಿರಲಿಲ್ಲ. ಸ್ಟುಡಿಯೋದಲ್ಲಿ ಗಿರಾಕಿ ಬರುವ ಮುಂಚೆ ದೀಪ ಹೊಂದಿಸಲು ಅಪ್ಪ ಅವಳನ್ನು ಸ್ಟೂಲಿನ ಮೇಲೆ ಕೂರಿಸುತ್ತಿದ್ದರಂತೆ. ಫಿಲ್ಮ್ ದುಬಾರಿ, ಮನೆಯವರನ್ನು ದಿನಾ ನೋಡುತ್ತೇವಲ್ಲ, ಫೋಟೋ ಯಾಕೆ ಎನ್ನುತ್ತಿದ್ದರಂತೆ. ಇವಳು ಖಾಲಿ ಕ್ಯಾಮೆರಾಕ್ಕೆ ಬರಲಿರುವವರನ್ನೆಲ್ಲ ನಟಿಸಿ ತೋರಿಸುತ್ತಿದ್ದಳು, ಮದುಮಗಳ ಅಮ್ಮನನ್ನು, ಪಾಸ್‌ಪೋರ್ಟಿಗೆ ಉಸಿರು ಕಟ್ಟಿ ಕೂರುವವನನ್ನು. ಅಪ್ಪ ನಕ್ಕು ನಕ್ಕು, ಬಾಗಿಲು ಸದ್ದಾದ ಕೂಡಲೇ “ಏಳು ಪುಟ್ಟಿ” ಎನ್ನುತ್ತಿದ್ದರು. “ಗಿರಾಕಿ ಬಂದು ಕೂತಾಗ ಸ್ಟೂಲು ಬೆಚ್ಚಗಿರ್ತಿತ್ತು ನೋಡಿ,” ಎಂದು ಅವಳು ಬಟಾಣಿ ಸಿಪ್ಪೆಯೊಂದನ್ನು ಮೂಗಿನ ಕೆಳಗೆ ಮೀಸೆಯಾಗಿ ಇಟ್ಟುಕೊಂಡು ಅಪ್ಪನ ಹಾಗೆ ಎದೆಯುಬ್ಬಿಸಿದಳು. ಅವನು ಒತ್ತಿದ. ಅವಳ ಕೆಲಸ ವಿದ್ಯುತ್ ಕಚೇರಿಯಲ್ಲಿ ಫೋನಿನಲ್ಲಿ ದೂರು ಕೇಳುವುದು. ಪಕ್ಕದ ಮನೆಗೆ ಕರೆಂಟಿದೆ, ಅದನ್ನು ಮೊದಲು ತೆಗೆಯಿರಿ ಎಂದು ದೂರು ಕೊಟ್ಟವನನ್ನು ಮಾಡಿ ತೋರಿಸಿದಳು. ಒತ್ತಿದ. ಮದುವೆಯಾದ ಹೊಸತರಲ್ಲಿ ಕ್ಯಾಮೆರಾಕ್ಕೆ ಕೂತವರಿಗಿಂತ ನೆಟ್ಟಗೆ ಕೂರುತ್ತಿದ್ದ ಇವನನ್ನೇ ಮಾಡಿ ತೋರಿಸಿ ತಾನೇ ನಕ್ಕಳು, ನಗುತ್ತ ನಗುತ್ತ ಸುಮ್ಮನಾಗಿ ಕಿಟಕಿಯ ಹೊರಗೆ ನೋಡಿದಳು. ಅವನು ಒತ್ತಿದ. ಗಾಜಿನ ಮೇಲೆ ಅವಳು ತೀರಾ ಸ್ಪಷ್ಟವಾಗಿದ್ದಳು. ಇದೇ ಮುಖ, ಅಯ್ಯೋ ದೇವರೇ, ಇದೇ ಅಲ್ಲವೇ ಎಂದುಕೊಂಡ. ಆಗಲೇ ಆ ಹೂಂ ಗಂಟಲಿಗೆ ಬಂದು ಕೂತದ್ದು. ಅವಳು ಇದನ್ನೆಲ್ಲ ಕೊಟ್ಟದ್ದು ಏನೂ ಇಲ್ಲದ ಡಬ್ಬಿಗೆ, ಇವನು ಅದನ್ನು ಕದ್ದು ಹಿಡಿದಿಟ್ಟುಕೊಂಡಿದ್ದ.

ಬಾಗಿಲು ತೆರೆಯಿತು. ಫಿಲ್ಮ್ ತೊಳೆಯುವ ಔಷಧಿಯ ಘಾಟಿನ ಜೊತೆಗೆ ಮಾವ ಹೊರಬಂದರು, ಶರ್ಟಿನ ತೋಳು ಮಡಿಚಿ, ಒದ್ದೆಯಾಗಿ, ಅಳಿಯ ಹೇಳದೆ ಫಿಲ್ಮ್ ಹಾಕಿದ ಸಿಟ್ಟನ್ನು ಮರೆತು, ಬಹಳ ವರ್ಷಗಳ ಮೇಲೆ ಕೆಲಸ ಮಾಡಿದ ಖುಷಿಯಲ್ಲಿ. ಕೈಯಲ್ಲಿ ನೀರು ತೊಟ್ಟಿಕ್ಕುವ ಉದ್ದನೆಯ ಪಟ್ಟಿ. ನೇರ ಮುಂದಿನ ಕೋಣೆಯ ಕಿಟಕಿಗೆ ಹೋಗಿ ಅದನ್ನು ಬೆಳಕಿಗೆ ಹಿಡಿದರು. ಹೆಂಡತಿ ಬಚ್ಚಲಿಗೆ ನುಗ್ಗುವುದನ್ನು ಬಿಟ್ಟು, ಕುತೂಹಲ ತಡೆಯಲಾರದೆ ಅವರ ಹಿಂದೆ ಹೋದಳು. ಅವನು ಕೊನೆಯಲ್ಲಿ ಹೋದ. ಪಟ್ಟಿ ಗಾಜಿನ ಹಾಗೆ ತಿಳಿಯಾಗಿತ್ತು. ಅದರ ಮೂಲಕ ಎದುರು ಮನೆಯ ಬೇಲಿ ಕಾಣುತ್ತಿತ್ತು.

“ಅಳಿಯಂದ್ರೇ, ಅಂಚಿನಲ್ಲಿ ಕಂಪನಿಯ ಅಕ್ಷರ ನೆಟ್ಟಗೆ ಬಂದಿದೆ. ಅಂದ್ರೆ ನನ್ನ ಔಷಧಿ ಸರಿ ಇದೆ. ಒಂದು ಚಿತ್ರಾನೂ ಇಲ್ಲ. ಅಂದ್ರೆ ಒಳಗೆ ಬೆಳಕೇ ಬಿದ್ದಿಲ್ಲ.” ಮಾವ ಪಟ್ಟಿಯ ಮೇಲಿಂದ ಅವನನ್ನು ನೋಡಿದರು. “ಕೆಳಗಿನ ಮುಚ್ಚಳ ತೆಗ್ದಿದ್ರಾ?”

ಅವನ ಕೈ ತಾನಾಗಿಯೇ ಹೊಟ್ಟೆಯ ಹತ್ತಿರ ಹೋಗಿ ಇಲ್ಲದ ಕ್ಯಾಮೆರಾ ಹಿಡಿದು ತಡಕಿತು. ಮುಚ್ಚಳ ತೆಗೆಯುವ ಚಲನೆಯೊಂದು ಆ ಕೈಯಲ್ಲಿ ಇರಲೇ ಇಲ್ಲ. ಅಷ್ಟು ದಿನ ಮುಚ್ಚಿಟ್ಟೇ ಕಲಿತದ್ದು. ಮೇಲಿನ ಕಣ್ಣಿನಲ್ಲಿ ಎಲ್ಲ ಚೆಂದ ಕಾಣುತ್ತಿದ್ದಾಗ ಕೆಳಗಿನದು ಕುರುಡಾಗಿ ಕೂತಿತ್ತು. ಮಾವ ಮೊದಲು ಮೂಗಿನಿಂದ, ಆಮೇಲೆ ಬಾಯಿಂದ, ಆಮೇಲೆ ಕುರ್ಚಿ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಅವನಿಗೆ ಮೊದಲು ಬಂದದ್ದು ಅಳುವಲ್ಲ, ನಿರಾಳ. ಇನ್ನು ಯಾರಿಗೂ ಏನೂ ಗೊತ್ತಾಗುವುದಿಲ್ಲ, ಬದುಕಿದೆಯಾ ಬಡಜೀವವೇ ಎಂದು ಎದೆ ಹಗುರಾಯಿತು. ಅವಳು ಕಣ್ಣು ಒರೆಸಿಕೊಳ್ಳುತ್ತ, “ಹೋಗ್ಲಿ ಬಿಡಿ, ರಸ್ತೆ ತಾನೇ. ಎಲ್ಲಿಗೂ ಹೋಗಲ್ಲ, ಅಲ್ಲೇ ಇರುತ್ತೆ,” ಎಂದಳು.

“ರಸ್ತೆ ಅಲ್ಲ,” ಎಂದ ಅವನು. ಯಾಕೆ ಹೇಳಿದನೋ. “ನೀನು. ಭಾನುವಾರ, ಬಟಾಣಿ ಬಿಡಿಸ್ತಿದ್ದಾಗ.”

“ಖಾಲಿನಾ ಅಂತ ಕೇಳಿದ್ನಲ್ಲ.”

“ಹೂಂ ಅಂದಿದ್ದೆ.”

ನೆಲ ಬಾಯಿಬಿಡಬಾರದೇ ಎಂದುಕೊಂಡು ಅವನು ಅವಳ ಕಾಲುಗಳನ್ನು ನೋಡಿದ. ಕಾಲುಗಳು ಸಿಟ್ಟಿನಲ್ಲಿದ್ದವೋ ಇಲ್ಲವೋ ತಿಳಿಯಲಿಲ್ಲ. ಅವು ಅವನ ಪಕ್ಕದಿಂದ ಹಾದು ಕಿಟಕಿಗೆ ಹೋದವು. ಅವಳು ಅಪ್ಪನ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆಳಕಿಗೆ ಹಿಡಿದು ನೋಡುತ್ತ ಹೋದಳು.

“ಮೀಸೆ ಇಟ್ಕೊಂಡಿದ್ದೂ ಬಂದಿಲ್ವಾ?”

“ಇಲ್ಲ.”

“ಅಪ್ಪನ ಥರ ಎದೆ ಉಬ್ಬಿಸಿದ್ದು?”

“ನನ್ನ ಥರ ಏನು?” ಎಂದರು ಮಾವ.

“ಮುಚ್ಚಳ ಇತ್ತು. ನಾನೂ ನೋಡ್ತಾನೇ ಇದ್ದೆ,” ಎಂದಳು ಅವಳು. “ಅದು ಇತ್ತು ಅಂತಾನೇ ಅಷ್ಟೆಲ್ಲ ಆಡಿದ್ದು. ತೆಗೆದಿದ್ರೆ ನಾನು ಎಲ್ಲಿ ಆಡ್ತಿದ್ದೆ?” ದನಿ ಹೇಗೋ ಇತ್ತು. ಒಂದೂ ಬರದ ತನ್ನ ಫೋಟೋಗಳಿಗಾಗಿ ಅವಳಿಗೆ ಬೇಜಾರಾಗಿದೆ ಎಂದು ಅವನಿಗೆ ನಿಧಾನವಾಗಿ ಹೊಳೆಯಿತು.

ಮಾವನಿಗೆ ಹೊಳೆಯಲಿಲ್ಲ. “ಅದಕ್ಕೇ ಬಡ್ಕೊಂಡೆ ಫಿಲ್ಮ್ ಹಾಕ್ಬೇಡಿ ಅಂತ. ಪೂರ್ತಿ ಒಂದು ರೋಲು ದಂಡ. ಅದೂ ಮನೆಯೋರ ಮೇಲೆ.”

“ಹೌದಪ್ಪಾ,” ಎಂದಳು ಅವಳು, ಜಗಳದ ದನಿಯಲ್ಲೇನಲ್ಲ. “ಇವರು ಇಡೀ ರೋಲು ದಂಡ ಮಾಡಿದ್ರು, ನನ್ನ ಮೇಲೆ. ನೀವು ಒಂದೇ ಒಂದಾದ್ರೂ ಮಾಡಿದ್ರಾ?”

ಮಾವ ಮಡಿಚಿದ್ದ ತೋಳನ್ನು ಬಿಡಿಸಿದರು, ಮತ್ತೆ ಮಡಿಚಿದರು, ಒದ್ದೆ ಕೈಯನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡು ನಿಂತರು. ಅವನಿಗೆ ಮೊಟ್ಟಮೊದಲ ಸಲ ಮಾವನನ್ನು ನೋಡಿ ಅಯ್ಯೋ ಎನಿಸಿತು.

“ಇನ್ನೊಂದು ರೋಲಿದೆಯಾ?” ಅವಳು ಇವನ ಕಡೆ ತಿರುಗಿ ಕೇಳಿದಳು.

“ಇದೆ. ನಿಂಗೆ ಆಫೀಸು?”

“ಕರೆಂಟು ಹೋದೋರು ಇನ್ನೊಂದ್ ಸ್ವಲ್ಪ ಹೊತ್ತು ಕತ್ತಲಲ್ಲೇ ಇರ್ಲಿ.”

ಅವನು ಫಿಲ್ಮ್ ಹಾಕಿದ. ಅವಳು ಮುಖ ತೊಳೆಯದೆ, ತುಟಿಯ ಅಂಚಿನಲ್ಲಿ ಒಣಗಿದ ಪೇಸ್ಟಿನೊಂದಿಗೆ, ಸ್ಟೂಲಿನ ಮೇಲೆ ಕೂತಳು. ಅವನು ಕೆಳಗಿನ ಮುಚ್ಚಳಕ್ಕೆ ಕೈ ಹಾಕಿ, ತೆಗೆದು, ಇಬ್ಬರಿಗೂ ಎತ್ತಿ ತೋರಿಸಿ, ಜೇಬಿಗೆ ಹಾಕಿಕೊಂಡ. ತಲೆ ಬಗ್ಗಿಸಿದ. ಗಾಜಿನ ಮೇಲೆ ಅವಳು ಕಲ್ಲಾಗಿದ್ದಳು. ಪಾಸ್‌ಪೋರ್ಟಿಗೆ ಬಂದವರ ಹಾಗೆ ಕಣ್ಣು, ಗದ್ದ, ಭುಜ ಎಲ್ಲ ಬಿಗಿದುಕೊಂಡಿದ್ದವು. ಅವನು ಕಾದ. ಅಷ್ಟರಲ್ಲಿ ಗಾಜಿನ ಎಡದಿಂದ, ಎಂದರೆ ನಿಜವಾದ ಬಲದಿಂದ, ಒಂದು ಬಿಳಿ ಹೊದಿಕೆ ಒಳಗೆ ಬಂತು. ಮಾವ ತಮ್ಮ ಹಾಸಿಗೆಯ ಹೊದಿಕೆಯನ್ನು ತಂದು, ಎರಡು ಕೈಯಲ್ಲಿ ಮೇಲೆತ್ತಿ ಹಿಡಿದು, ಕಿಟಕಿಯ ಬೆಳಕು ಅದಕ್ಕೆ ತಾಗಿ ಅವಳ ಕೆನ್ನೆಗೆ ಬೀಳುವ ಹಾಗೆ ಓರೆಯಾಗಿ ನಿಂತಿದ್ದರು. ಗದ್ದ ಕೆಳಗೆ ಎನ್ನಲಿಲ್ಲ, ಬಲಕ್ಕೆ ತಿರುಗು ಎನ್ನಲಿಲ್ಲ. ಎತ್ತಿ ಹಿಡಿದ ತೋಳು ಅದುರುತ್ತಿತ್ತು, ತೋಳಿನ ಜೊತೆ ಹೊದಿಕೆ ಅದುರುತ್ತಿತ್ತು, ಅವಳ ಕೆನ್ನೆಯ ಮೇಲೆ ಬೆಳಕು ಅದುರುತ್ತಿತ್ತು. “ಕೈ ನೋಯುತ್ತೆ, ಇಳಿಸಿ ಅಪ್ಪಾ,” ಎಂದಳು ಅವಳು. “ನೀನು ಕೂತಿರು ಪುಟ್ಟಿ,” ಎಂದರು ಮಾವ, “ಏಳಬೇಡ.”

ಅವಳು ಅಪ್ಪನ ಕಡೆ ನೋಡಿದಳು. ಅವನು ಉಸಿರು ಬಿಟ್ಟು ಒತ್ತಿದ.

ಅವಳು ಅಂಗೈಯಿಂದ ಮೂಗು ಒರೆಸಿಕೊಂಡಳು.

“ಮುಖ ಹೇಗ್ಹೇಗೋ ಬಂದಿರುತ್ತೆ ಕಣ್ರೀ,” ಎಂದಳು. “ಹೋಗ್ಲಿ, ಇರ್ಲಿ ಅದು. ಇನ್ನೊಂದು ತೆಗೀರಿ.”